ಅಂತೋಣಿಯವರ ರೊಟ್ಟಿ: 13 ಮಂಗಳವಾರದ ಹರಕೆ ಹೊರುವುದು ಹೇಗೆ, ತೀರಿಸುವುದು ಹೇಗೆ

ಸಂತ ಅಂತೋಣಿಯವರ ಹೆಸರಿನಲ್ಲಿ 13 ಮಂಗಳವಾರ ಪ್ರಾರ್ಥನೆ ಮಾಡಿ, ಬಡವರಿಗೆ ರೊಟ್ಟಿ ಕೊಡುವ ಭಕ್ತಿಯೊಂದು ಕಥೋಲಿಕ ಕ್ರೈಸ್ತರಲ್ಲಿದೆ. ಮಾರ್ಚ್ ತಿಂಗಳು ಹತ್ತಿರ ಬಂದರೆ ಸಾಕು, ಅದೇ ಪ್ರಶ್ನೆಗಳು ಬೇರೆ ಬೇರೆ ಬಾಯಲ್ಲಿ ಬರುತ್ತವೆ. "13 ಮಂಗಳವಾರ ಅಂತಾರಲ್ಲ, ಯಾವಾಗ ಶುರು ಮಾಡಬೇಕು?" "ಅಂತೋಣಿಯವರ ರೊಟ್ಟಿ ಅಂದರೆ ನಿಜವಾಗಿ ರೊಟ್ಟಿಯನ್ನೇ ಕೊಡಬೇಕಾ, ದುಡ್ಡು ಹಾಕಿದರೆ ಆಗುತ್ತಾ?" "ಒಂದು ವಾರ ತಪ್ಪಿಹೋಯ್ತು, ಹರಕೆ ಹಾಳಾಯ್ತಾ?" ಮೈಸೂರು ಜಿಲ್ಲೆಯಲ್ಲಿ ಅಂತೋಣಿಯವರ ದೇವಾಲಯ ಇರುವ ಡೋರ್ನಹಳ್ಳಿಗೆ ಹೋಗಿಬಂದವರು ಕೇಳುತ್ತಾರೆ. ದುಬೈನಲ್ಲಿ ಕೆಲಸ ಮಾಡುವವರು ಕೇಳುತ್ತಾರೆ. ಕ್ರೈಸ್ತರಲ್ಲದವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವುದಕ್ಕಿಂತ ಇಲ್ಲಿ ಎಲ್ಲವನ್ನೂ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ಪಾಲಕ ಸಂತರು, ಅಂದರೆ ನೀವು ವಿಶೇಷವಾಗಿ ಪ್ರಾರ್ಥನೆ ಬೇಡುವ ಸಂತರು, ಬೇರೆಯವರಾಗಿದ್ದರೂ ಇದರಲ್ಲಿ ಹೆಚ್ಚಿನದು ನಿಮಗೂ ಹೊಂದುತ್ತದೆ. ದಿನ ಮತ್ತು ತಾರೀಖು ಮಾತ್ರ ಬದಲಾಗುತ್ತದೆ.

ಯಾರು ಈ ಸಂತರು, ಯಾಕೆ ರೊಟ್ಟಿ?

ಸಂತ ಅಂತೋಣಿಯವರು ಹುಟ್ಟಿದ್ದು 1195ರಲ್ಲಿ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ. ಮನೆಯಲ್ಲಿಟ್ಟ ಹೆಸರು ಫೆರ್ನಾಂಡೊ. 1220ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಸಭೆ ಸೇರಿದಾಗ ಅಂತೋಣಿ ಎಂಬ ಹೆಸರು ಬಂತು. ಇಟಲಿ, ಫ್ರಾನ್ಸ್ ಎಲ್ಲ ಕಡೆ ನಡೆದು ಬೋಧನೆ ಮಾಡಿದರು. 1231ರ ಜೂನ್ 13ರಂದು ಇಟಲಿಯ ಪಾದುವಾ ಊರಿನ ಹತ್ತಿರ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಅವರನ್ನು ಸಂತರೆಂದು ಸಾರಲಾಯಿತು. ಅವರನ್ನು ಸಮಾಧಿ ಮಾಡಿದ್ದು ಮಂಗಳವಾರ. ಅವರ ನವೇನ, ಅಂದರೆ ಒಂಬತ್ತು ದಿನ ಅಥವಾ ವಾರ ಬಿಡದೆ ಮಾಡುವ ಪ್ರಾರ್ಥನೆ, ಮಂಗಳವಾರ ನಡೆಯುವುದು ಅದಕ್ಕೇ.

ರೊಟ್ಟಿಗೆ ಎರಡು ಕತೆಗಳಿವೆ. ಮೊದಲನೆಯದು ಪಾದುವಾದ್ದು. ತೊಮ್ಮಸೀನೊ ಎಂಬ ಪುಟ್ಟ ಮಗು ನೀರಿನಲ್ಲಿ ಮುಳುಗಿ ಸತ್ತಿತು. ಅದರ ತಾಯಿ ಅಂತೋಣಿಯವರ ಮೊರೆ ಹೋಗಿ, ಮಗು ಬದುಕಿದರೆ ಅದರ ತೂಕದಷ್ಟು ಧಾನ್ಯವನ್ನು ಬಡವರಿಗೆ ಕೊಡುತ್ತೇನೆ ಎಂದು ಹರಕೆ ಹೊತ್ತಳು. ಮಗು ಎದ್ದಿತು ಎನ್ನುತ್ತದೆ ಪರಂಪರೆ. ನಮ್ಮ ಕಡೆ ತುಲಾಭಾರ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಇದೂ ತುಲಾಭಾರವೇ. ಆದರೆ ತೂಗಿದ್ದು ಗುಡಿಗೆ ಹೋಗಲಿಲ್ಲ, ಹಸಿದವರ ಮನೆಗೆ ಹೋಯಿತು. ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಎರಡನೆಯದು 1890ರ ಸುಮಾರಿಗೆ ಫ್ರಾನ್ಸಿನ ತೂಲೋನ್ ಪಟ್ಟಣದಲ್ಲಿ ನಡೆದದ್ದು. ಲೂಯಿಸ್ ಬೂಫಿಯೆ ಎಂಬ ಅಂಗಡಿಯ ಹೆಂಗಸಿಗೆ ಒಂದು ಬೆಳಿಗ್ಗೆ ಅಂಗಡಿಯ ಬೀಗ ತೆಗೆಯಲಾಗಲಿಲ್ಲ. ಬೀಗದವನು ಬಾಗಿಲು ಒಡೆಯಬೇಕು ಎಂದ. ಒಡೆಯದೆ ತೆರೆದರೆ ಬಡವರಿಗೆ ರೊಟ್ಟಿ ಕೊಡುತ್ತೇನೆ ಎಂದು ಆಕೆ ಅಂತೋಣಿಯವರಿಗೆ ಹೇಳಿಕೊಂಡಳು. ಬಾಗಿಲು ತೆರೆಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂತರ ಸ್ವರೂಪ, ಅಂದರೆ ಪ್ರತಿಮೆ, ಇಟ್ಟು, ಅದರ ಹತ್ತಿರ ಕಾಣಿಕೆ ಡಬ್ಬಿ ಇಟ್ಟಳು. ಅಲ್ಲಿಂದ ಆ ಪದ್ಧತಿ ಊರೂರಿಗೆ ಹರಡಿತು. ಇವತ್ತು ಅನೇಕ ಚರ್ಚುಗಳಲ್ಲಿ ಅಂತೋಣಿಯವರ ಸ್ವರೂಪದ ಕೆಳಗೆ ಕಾಣುವ ಡಬ್ಬಿ ಅದೇ ಸಾಲಿನದು.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಒಂದು ಕ್ಯಾಲೆಂಡರ್, ಒಂದು ಚಿಕ್ಕ ನೋಟ್‌ಪುಸ್ತಕ, ಹಣ ಎತ್ತಿಡಲು ಒಂದು ಡಬ್ಬಿ ಅಥವಾ ಕವರು. ನಿಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಿಮ್ಮ ಊರಿನ ಚರ್ಚಿನಲ್ಲಿ, ನವೇನ ಪುಸ್ತಕ ಸಿಕ್ಕರೆ ಒಂದು ಪ್ರತಿ ತಂದಿಟ್ಟುಕೊಳ್ಳಿ. ಸ್ವರೂಪ ಅಥವಾ ಪಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಇಂಥ ಬಣ್ಣದ ಮೇಣದ ಬತ್ತಿಯೇ ಬೇಕು, ಇಷ್ಟೇ ಬತ್ತಿ ಹಚ್ಚಬೇಕು ಎಂದು ಯಾರಾದರೂ ಹೇಳಿದರೆ ಅದಕ್ಕೆ ಧರ್ಮಸಭೆಯ, ಅಂದರೆ ಇಡೀ ಕಥೋಲಿಕ ಚರ್ಚಿನ, ಯಾವ ನಿಯಮವೂ ಇಲ್ಲ.

ಹಂತ 1: ಹರಕೆಯೋ, ಬರೀ ಭಕ್ತಿಯೋ? ಮೊದಲು ತೀರ್ಮಾನ ಮಾಡಿ

ಜನ ಎಡವುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹರಕೆ ಎಂದರೆ ದೇವರಿಗೆ ಕೊಡುವ ಮಾತು. ಸಂತರು ಆ ಮಾತಿಗೆ ಜೊತೆಗಾರರು, ನಮಗಾಗಿ ಬೇಡುವವರು. ವರ ಕೊಡುವವನು ದೇವರು. ಕಥೋಲಿಕ ಬೋಧನೆಯಲ್ಲಿ ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಸಲ್ಲುವುದು ಗೌರವದ ವಂದನೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1191ನೇ ನಿಯಮದ ಪ್ರಕಾರ, ಹರಕೆಯನ್ನು ಯೋಚಿಸಿ, ಸ್ವಂತ ಇಷ್ಟದಿಂದ ಹೊರಬೇಕು. ಅದು ಮಾಡಲು ಸಾಧ್ಯವಾದದ್ದೂ ಒಳ್ಳೆಯದೂ ಆಗಿರಬೇಕು. ಅನ್ಯಾಯವಾಗಿ ಹುಟ್ಟಿಸಿದ ದೊಡ್ಡ ಭಯದಲ್ಲಿ ಅಥವಾ ಮೋಸಕ್ಕೆ ಸಿಕ್ಕಿ ಹೊತ್ತದ್ದು ಹರಕೆಯಾಗಿ ನಿಲ್ಲುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ದಿಕ್ಕು ತೋಚದೆ ಏನೋ ಹೇಳಿಬಿಟ್ಟೆ ಎಂದು ವರ್ಷಗಟ್ಟಲೆ ಕೊರಗುವವರನ್ನು ನೋಡಿದ್ದೇನೆ. ನಿಮ್ಮದೂ ಅಂಥದ್ದೇ ಆಗಿದ್ದರೆ ಒಬ್ಬ ಗುರುಗಳ, ಅಂದರೆ ಚರ್ಚಿನ ಪಾದ್ರಿಯ, ಹತ್ತಿರ ಮಾತಾಡಿ. ಒಬ್ಬರೇ ಹೊತ್ತು ತಿರುಗಬೇಡಿ.

ಇನ್ನೊಂದು ನಿಯಮವೂ ಗೊತ್ತಿರಲಿ. ಹರಕೆ ಹೊತ್ತವರಿಗೆ ಮಾತ್ರ ಅದು ಕಟ್ಟುತ್ತದೆ. "ನನ್ನ ಮಗ ಪಾಸಾದರೆ ಅವನು ಡೋರ್ನಹಳ್ಳಿಗೆ ನಡೆದು ಬರುತ್ತಾನೆ" ಎಂದು ತಾಯಿ ಹೇಳಿಕೊಂಡರೆ ಮಗನಿಗೆ ಅದು ಕಟ್ಟುವುದಿಲ್ಲ. ನಡೆಯುವುದಿದ್ದರೆ ತಾಯಿಯೇ ನಡೆಯಬೇಕು. ಬೇರೆಯವರ ಕಾಲು, ಬೇರೆಯವರ ದುಡ್ಡಿನ ಮೇಲೆ ಹರಕೆ ಹೊರಬೇಡಿ.

ನನ್ನ ಸಲಹೆ ಕೇಳುವುದಾದರೆ, ಮೊದಲ ಸಲ ಮಾಡುವವರು ಹರಕೆ ಎಂಬ ಮಾತೇ ಎತ್ತಬೇಡಿ. "13 ಮಂಗಳವಾರ ಪ್ರಾರ್ಥನೆ ಮಾಡುತ್ತೇನೆ, ನನ್ನ ಕೈಲಾದಷ್ಟು ಬಡವರಿಗೆ ಕೊಡುತ್ತೇನೆ" ಎಂದು ಮನಸ್ಸು ಮಾಡಿಕೊಂಡರೆ ಸಾಕು. ಅದು ಭಕ್ತಿ. ತಪ್ಪಿದರೆ ಪಾಪದ ಭಯ ಇರುವುದಿಲ್ಲ. ಹರಕೆಯೇ ಹೊರುವುದಾದರೆ ಚಿಕ್ಕದಾಗಿರಲಿ, ಲೆಕ್ಕಕ್ಕೆ ಸಿಗುವಂತಿರಲಿ. "ಜೀವಮಾನವಿಡೀ", "ಎಷ್ಟಾದರೂ ಕೊಡುತ್ತೇನೆ" ಇಂಥ ಮಾತು ಬೇಡ. "13 ವಾರ, ವಾರಕ್ಕೆ 50 ರೂಪಾಯಿ" ಎಂದರೆ 650 ರೂಪಾಯಿ. ಅಷ್ಟನ್ನು ನೀವು ಖಂಡಿತ ಮುಗಿಸುತ್ತೀರಿ. ಏನು ಹೇಳಿಕೊಂಡಿರಿ ಎಂದು ಅದೇ ದಿನ ನೋಟ್‌ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳ ಮೇಲೆ ನೆನಪು ಮೋಸ ಮಾಡುತ್ತದೆ.

ಹಂತ 2: ದಿನ ಲೆಕ್ಕ ಹಾಕಿ

ಹಬ್ಬ ಜೂನ್ 13. ಅದಕ್ಕೆ ಮುಂಚೆ 13 ಮಂಗಳವಾರ ಬೇಕೆಂದರೆ ಮಾರ್ಚ್ 14ರಿಂದ 20ರ ಒಳಗೆ ಬರುವ ಮಂಗಳವಾರ ಶುರು ಮಾಡಿ. ಯಾವ ವರ್ಷಕ್ಕೂ ಈ ಲೆಕ್ಕ ಸರಿಹೋಗುತ್ತದೆ. ಸಾಮಾನ್ಯವಾಗಿ ಅದು ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮೊದಲಿನ 40 ದಿನಗಳ ಉಪವಾಸದ ಕಾಲದಲ್ಲಿ ಬೀಳುತ್ತದೆ. ಪ್ರಾರ್ಥನೆ, ಉಪವಾಸ, ದಾನ ಈ ಮೂರಕ್ಕೂ ಅದು ಹೇಗೂ ಸರಿಯಾದ ಸಮಯ.

ಅಷ್ಟು ಉದ್ದ ಆಗದಿದ್ದರೆ 9 ಮಂಗಳವಾರ ಮಾಡಿ. ನವೇನ ಎಂದರೆ ಒಂಬತ್ತು ದಿನ ಅಥವಾ ಒಂಬತ್ತು ವಾರ ಬಿಡದೆ ಮಾಡುವ ಪ್ರಾರ್ಥನೆ. ದಿನಾಲೂ ಮಾಡುವ ನವೇನವಾದರೆ ಜೂನ್ 4ಕ್ಕೆ ಶುರು, 12ಕ್ಕೆ ಮುಗಿತಾಯ. ಹಬ್ಬದ ಕಾಲವೇ ಆಗಬೇಕೆಂದೂ ಇಲ್ಲ. ಅಕ್ಟೋಬರಿನಲ್ಲಿ ಕಷ್ಟ ಬಂದರೆ ಅಕ್ಟೋಬರಿನಲ್ಲೇ ಶುರು ಮಾಡಿ.

ಒಂದು ವಾರ ತಪ್ಪಿದರೆ? ಬುಧವಾರ ಮಾಡಿ, ಮುಂದುವರಿಸಿ. ಮೊದಲಿಂದ ಎಣಿಸಬೇಕು ಎನ್ನುವುದು ಜನರ ಮಾತು, ಧರ್ಮಸಭೆಯದ್ದಲ್ಲ. ನಾನೂ ಒಂದು ವರ್ಷ ಏಳನೆಯ ವಾರ ತಪ್ಪಿಸಿ, ಎಲ್ಲ ಕೆಟ್ಟಿತು ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಉಳಿದ ಆರು ವಾರದ ರೊಟ್ಟಿ ಯಾರಿಗೋ ಸಿಗಬೇಕಿತ್ತು, ಸಿಗಲಿಲ್ಲ. ಆ ತಪ್ಪು ನೀವು ಮಾಡಬೇಡಿ.

ಹಂತ 3: ಮಂಗಳವಾರದ ಪ್ರಾರ್ಥನೆ

ಚರ್ಚಿನಲ್ಲಿ ಮಂಗಳವಾರದ ನವೇನ ಇದ್ದರೆ ಅಲ್ಲಿಗೇ ಹೋಗಿ. ಎಲ್ಲರೂ ಸೇರಿ ಬೇಡುವುದರ ಬಲ ಬೇರೆ. ಮನೆಯಲ್ಲೇ ಆದರೆ ಹತ್ತು ಹದಿನೈದು ನಿಮಿಷ ಸಾಕು:

1. ಶಿಲುಬೆಯ ಗುರುತು ಹಾಕಿಕೊಳ್ಳಿ. ಒಂದು ನಿಮಿಷ ಸುಮ್ಮನೆ ಕೂತುಕೊಳ್ಳಿ.
2. ಬೈಬಲ್ಲಿನ ಶುಭಸಂದೇಶದಿಂದ ನಾಲ್ಕೈದು ಸಾಲು ಓದಿ. ಇದನ್ನು ಬಿಡಬೇಡಿ. ಅಂತೋಣಿಯವರ ಸ್ವರೂಪಗಳಲ್ಲಿ ಪುಸ್ತಕ ಇರುವುದನ್ನು ನೋಡಿದ್ದೀರಲ್ಲ? ಅದು ದೇವರ ವಾಕ್ಯ. ಅದನ್ನು ಬೋಧಿಸಿದ್ದಕ್ಕಾಗಿಯೇ 1946ರಲ್ಲಿ ಅವರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು.
3. ನಿಮ್ಮ ಕೋರಿಕೆಯನ್ನು ಒಂದೇ ವಾಕ್ಯದಲ್ಲಿ ಹೇಳಿ. ಹದಿಮೂರು ವಾರಕ್ಕೂ ಅದೇ ಕೋರಿಕೆ ಇರಲಿ.
4. ನವೇನ ಪುಸ್ತಕದ ಪ್ರಾರ್ಥನೆ ಹೇಳಿ. ಪುಸ್ತಕ ಇಲ್ಲದಿದ್ದರೆ ಹೀಗೆ ಹೇಳಬಹುದು: "ಸಂತ ಅಂತೋಣಿಯವರೇ, ಬಾಲಯೇಸುವನ್ನು ಎತ್ತಿಕೊಂಡ ನಿಮ್ಮ ಕೈಗಳಲ್ಲಿ ನನ್ನ ಈ ಕೋರಿಕೆಯನ್ನು ಇಡುತ್ತೇನೆ. ದೇವರ ಚಿತ್ತಕ್ಕೆ ಸರಿಯಾದರೆ ಇದು ನೆರವೇರಲಿ. ನೆರವೇರಲಿ, ನೆರವೇರದಿರಲಿ, ಹಸಿದವರನ್ನು ನಾನು ಮರೆಯದಂತೆ ನನಗಾಗಿ ಪ್ರಾರ್ಥಿಸಿರಿ."
5. ಪರಲೋಕ ಪ್ರಾರ್ಥನೆ, ನಮೋ ಮರಿಯಾ, ತ್ರಿತ್ವಸ್ತುತಿ ಎಂಬ ರೂಢಿಯ ಪ್ರಾರ್ಥನೆಗಳು ಒಂದೊಂದು ಸಲ. ಸಮಯ ಇದ್ದರೆ 13 ಸಲ ಹೇಳುವ ರೂಢಿಯೂ ಇದೆ.
6. ಕೊನೆಗೆ ಆ ವಾರದ ಹಣವನ್ನು ಡಬ್ಬಿಗೆ ಹಾಕಿ, ನೋಟ್‌ಪುಸ್ತಕದಲ್ಲಿ ಗುರುತು ಮಾಡಿ.

ಆರನೆಯದನ್ನು ಮಕ್ಕಳ ಕೈಯಲ್ಲಿ ಮಾಡಿಸಿ. ಮಕ್ಕಳು ಮುಂದಿನ ಮಂಗಳವಾರ ತಾವಾಗಿಯೇ ನೆನಪಿಸುತ್ತಾರೆ.

ಎಚ್ಚರ: "ಈ ಪ್ರಾರ್ಥನೆಯನ್ನು 13 ಜನರಿಗೆ ಕಳಿಸಿ, ಕಳಿಸದಿದ್ದರೆ ಕೆಡುಕಾಗುತ್ತದೆ" ಎಂಬ ವಾಟ್ಸ್ಯಾಪ್ ಸಂದೇಶ ಬಂದರೆ ಅಳಿಸಿಬಿಡಿ. ಕೋರಿಕೆ ನೆರವೇರುವ ತನಕ ಸ್ವರೂಪವನ್ನು ತಲೆಕೆಳಗು ಮಾಡುವುದು, ಅದರ ಕೈಯಿಂದ ಬಾಲಯೇಸುವನ್ನು ತೆಗೆದಿಡುವುದು, ಇವೆಲ್ಲ ಮೂಢನಂಬಿಕೆ. ಸಂತರನ್ನು ಬೆದರಿಸಿ ಕೆಲಸ ಮಾಡಿಸಿಕೊಳ್ಳುವುದು ಭಕ್ತಿಯಲ್ಲ.

ಹಂತ 4: ಪಾಪನಿವೇದನೆ ಮತ್ತು ಬಲಿಪೂಜೆ

ಕಥೋಲಿಕರು ಈ ಕಾಲದಲ್ಲಿ ಒಮ್ಮೆಯಾದರೂ ಪಾಪನಿವೇದನೆ ಮಾಡಿ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಂಡು, ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಿ. ಭಾನುವಾರದ ಪೂಜೆ, ಅಂದರೆ ಚರ್ಚಿನ ಬಲಿಪೂಜೆ (ಮಾಸ್), ಬಿಟ್ಟು ಮಂಗಳವಾರದ ನವೇನಕ್ಕೆ ಮಾತ್ರ ಬರುವುದು ಸರಿಯಲ್ಲ. ಭಾನುವಾರದ ಪೂಜೆಯೇ ಮೊದಲು.

ಕ್ರೈಸ್ತರಲ್ಲದವರು ಕೇಳುತ್ತೀರಿ: ನಾವು ಬರಬಹುದಾ? ಧಾರಾಳವಾಗಿ ಬನ್ನಿ. ಪ್ರಾರ್ಥಿಸಿ, ಮೇಣದ ಬತ್ತಿ ಹಚ್ಚಿ, ರೊಟ್ಟಿಗೆ ಕಾಣಿಕೆ ಕೊಡಿ. ಪರಮಪ್ರಸಾದದ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ. ಅದನ್ನು ನಾವು ಯೇಸುವಿನ ಶರೀರವೆಂದೇ ನಂಬಿ ಸ್ವೀಕರಿಸುತ್ತೇವೆ. ಹಬ್ಬದಲ್ಲಿ ಆಶೀರ್ವದಿಸಿ ಹಂಚುವ ಅಂತೋಣಿಯವರ ರೊಟ್ಟಿ ಬೇರೆ. ಅದು ಸಾಮಾನ್ಯ ರೊಟ್ಟಿ, ಬನ್ನು. ಅದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಇವೆರಡನ್ನು ಒಂದೇ ಎಂದು ತಿಳಿದು ಮುಜುಗರಪಟ್ಟವರು ಬಹಳ ಜನ.

ಹಂತ 5: ರೊಟ್ಟಿ ಹಸಿದವರಿಗೆ ತಲುಪಿಸಿ

ಈ ಭಕ್ತಿಯ ಜೀವ ಇರುವುದು ಇಲ್ಲಿ. ಪ್ರಾರ್ಥನೆ ಮುಗಿಸಿ ಡಬ್ಬಿಯ ಹಣ ಹಾಗೇ ಉಳಿದರೆ ಕೆಲಸ ಅರ್ಧ ಆಯಿತು ಅಷ್ಟೆ.

ಎಷ್ಟು ಕೊಡಬೇಕು? ಲೆಕ್ಕ ನಿಮ್ಮದು. ಮಗುವಿಗಾಗಿ ಬೇಡಿದ್ದರೆ ತೊಮ್ಮಸೀನೊವಿನ ತಾಯಿಯ ಹಾಗೆ ಮಗುವಿನ ತೂಕದಷ್ಟು ಅಕ್ಕಿ ಕೊಡಬಹುದು. ಮಗು 12 ಕೆ.ಜಿ. ಇದ್ದರೆ 12 ಕೆ.ಜಿ. ಅಕ್ಕಿ. ಕೆ.ಜಿ.ಗೆ 60 ರೂಪಾಯಿ ಎಂದರೂ 720 ರೂಪಾಯಿ. ಅದೂ ಕಷ್ಟವೆಂದರೆ ವಾರಕ್ಕೆ ಒಂದು ಬ್ರೆಡ್ಡು. ಸಾಲ ಮಾಡಿ ಕೊಡಬೇಡಿ. ಮನೆಯವರ ಔಷಧಿ, ಮಕ್ಕಳ ಫೀಸಿನ ಹಣ ಎತ್ತಿ ಕೊಡಬೇಡಿ.

ಕೊಡುವ ಮೊದಲು ಇನ್ನೊಂದು ನೋಡಿ. ನೀವು ಯಾರಿಗಾದರೂ ಕೊಡಬೇಕಾದದ್ದು ಬಾಕಿ ಇದೆಯಾ? ಮನೆ ಕೆಲಸದವರ ಸಂಬಳ, ಆಳಿನ ಕೂಲಿ, ತರಕಾರಿ ಅಂಗಡಿಯ ಲೆಕ್ಕ? ಮೊದಲು ಅದನ್ನು ತೀರಿಸಿ. ಅವರಿಗೆ ಸಲ್ಲಬೇಕಾದದ್ದನ್ನೇ ಕೊಟ್ಟು ಅದನ್ನು ರೊಟ್ಟಿ ಎಂದು ಎಣಿಸಬೇಡಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಅಂತೋಣಿಯವರು ಬಡ್ಡಿಕೋರರ ವಿರುದ್ಧ ಪಾದುವಾದಲ್ಲಿ ಗಟ್ಟಿಯಾಗಿ ಮಾತಾಡಿದವರು. ಸಾಲ ತೀರಿಸಲಾಗದವರನ್ನು ಆಗ ಜೈಲಿಗೆ ಹಾಕುತ್ತಿದ್ದರು. ಅಂತೋಣಿಯವರ ಕೋರಿಕೆಯ ಮೇಲೆ 1231ರ ಮಾರ್ಚ್ 15ರಂದು ಆ ಊರಿನ ಆಡಳಿತ ಸಾಲಗಾರರ ಪರವಾಗಿ ಕಾನೂನನ್ನು ಬದಲಾಯಿಸಿತು. ಇದ್ದ ಆಸ್ತಿಯನ್ನು ಒಪ್ಪಿಸಿದವರನ್ನು ಜೈಲಿಗೆ ಹಾಕುವಂತಿಲ್ಲ ಎಂದಾಯಿತು. ಅವರು ತೀರಿಕೊಳ್ಳುವುದಕ್ಕೆ ಮೂರು ತಿಂಗಳು ಮುಂಚಿನ ಮಾತು ಇದು. ಹಾಗಾಗಿ ಕೈಸಾಲದ ಬಡ್ಡಿಯಲ್ಲಿ ಸಿಕ್ಕಿಬಿದ್ದ ನೆರೆಮನೆಯವರ ಒಂದು ಕಂತು ಕಟ್ಟಿದರೆ ಅದೂ ಅಂತೋಣಿಯವರ ರೊಟ್ಟಿಯೇ. ನನ್ನ ಮಟ್ಟಿಗೆ ಅದು ಬನ್ನು ಹಂಚುವುದಕ್ಕಿಂತ ಅವರ ಮನಸ್ಸಿಗೆ ಹತ್ತಿರವಾದ ದಾನ.

ಎಲ್ಲಿ ಕೊಡಬೇಕು? ಮೂರು ದಾರಿ ಇವೆ.

ಒಂದು, ಚರ್ಚಿನ ಡಬ್ಬಿ. ಅನೇಕ ಕಡೆ ಎರಡು ಡಬ್ಬಿ ಇರುತ್ತವೆ, ಒಂದು ಕೋರಿಕೆ ಚೀಟಿಗೆ, ಇನ್ನೊಂದು ಬಡವರ ರೊಟ್ಟಿಗೆ. ನೋಡಿ ಹಾಕಿ. ದೊಡ್ಡ ಮೊತ್ತವಾದರೆ ಡಬ್ಬಿಗೆ ಹಾಕಬೇಡಿ. ಕವರಿನ ಮೇಲೆ "ಸಂತ ಅಂತೋಣಿಯವರ ರೊಟ್ಟಿಗೆ, ಬಡವರಿಗಾಗಿ" ಎಂದು ಬರೆದು ಕಚೇರಿಯಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು ಎಂದು ಧರ್ಮಸಭೆಯ 1267ನೇ ನಿಯಮ ಹೇಳುತ್ತದೆ. ನೀವು ಉದ್ದೇಶ ಬರೆದರೆ ತಾನೇ ಅವರಿಗೆ ಗೊತ್ತಾಗುವುದು?

ಎರಡು, ಸೇವೆ ಮಾಡುವ ಸಂಸ್ಥೆಗಳು. ಮಂಗಳೂರಿನ ಜೆಪ್ಪುವಿನಲ್ಲಿ ಅಂತೋಣಿಯವರ ಹೆಸರಿನದೇ ಆಶ್ರಮ ಇದೆ. ದಿಕ್ಕಿಲ್ಲದ ವೃದ್ಧರನ್ನು, ಅನಾಥರನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನೋಡಿಕೊಳ್ಳುತ್ತಿದೆ. ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಂಘ ಇರುತ್ತದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಘ ಅದು. ಅದರ ಸದಸ್ಯರು ಬಡ ಕುಟುಂಬಗಳ ಮನೆಗೇ ಹೋಗಿ ಸಹಾಯ ಮಾಡುತ್ತಾರೆ. ನಿಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ.

ಸಂಸ್ಥೆಗೆ ಸಾಮಾನು ಕೊಡುವುದಾದರೆ ಮೊದಲು ಫೋನ್ ಮಾಡಿ ಕೇಳಿ. ಜೂನ್ 13ಕ್ಕೆ ಎಲ್ಲರೂ ಬನ್ನು, ಬಿಸ್ಕತ್ತು ತರುತ್ತಾರೆ. ಅವರಿಗೆ ಬೇಕಾಗಿರುವುದು ಬೇಳೆ, ಎಣ್ಣೆ, ವೃದ್ಧರ ಡಯಾಪರ್ ಆಗಿರಬಹುದು. ಹಬ್ಬದ ದಿನ ಕೈತುಂಬ ಬರುತ್ತದೆ, ಜುಲೈನಲ್ಲಿ ಯಾರೂ ಇರುವುದಿಲ್ಲ. ಸಾಧ್ಯವಾದರೆ ನಿಮ್ಮ ಪಾಲನ್ನು ಜುಲೈಗೆ ಇಟ್ಟುಕೊಳ್ಳಿ.

ಮೂರು, ನೇರವಾಗಿ ಕೈಗೆ ಕೊಡುವುದು. ಸದ್ದಿಲ್ಲದೆ ಕೊಡಿ. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಎಂದು ಯೇಸು ಹೇಳಿದ್ದು ಇದಕ್ಕೇ. ತೆಗೆದುಕೊಳ್ಳುವವರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ, ದಯವಿಟ್ಟು. ಆ ಮನೆಯ ಮಕ್ಕಳೂ ಶಾಲೆಗೆ ಹೋಗುತ್ತಾರೆ, ಅವರ ಗೆಳೆಯರೂ ಆ ಫೋಟೋ ನೋಡುತ್ತಾರೆ. ಪ್ರಾರ್ಥನೆಗೆ ಬಂದರೆ ಮಾತ್ರ ಕೊಡುತ್ತೇನೆ ಎಂಬ ಷರತ್ತೂ ಬೇಡ. ಹಸಿವಿಗೆ ಜಾತಿ ಧರ್ಮ ಕೇಳಬೇಡಿ.

ಹಣದ ವಿಷಯದಲ್ಲಿ ಇನ್ನೂ ಕೆಲವು ಎಚ್ಚರಗಳು:

ಪೂಜೆ ಕಾಣಿಕೆ ಬೇರೆ, ರೊಟ್ಟಿಯ ಕಾಣಿಕೆ ಬೇರೆ. ನಿಮ್ಮ ಕೋರಿಕೆಗಾಗಿ ಪೂಜೆ ಒಪ್ಪಿಸಲು ಗುರುಗಳಿಗೆ ಕೊಡುವುದು ಪೂಜೆ ಕಾಣಿಕೆ. ಅದು ಪೂಜೆಯ ಬೆಲೆಯಲ್ಲ. ಪೂಜೆಗೆ ಬೆಲೆ ಕಟ್ಟುವಂತಿಲ್ಲ. ವ್ಯಾಪಾರದ ನೆರಳೂ ಬೀಳಬಾರದು ಎನ್ನುತ್ತದೆ ನಿಯಮ. ಕೈಯಲ್ಲಿ ಏನೂ ಇಲ್ಲದವರು ಹಾಗೆಯೇ ಹೇಳಿ ಕೇಳಿಕೊಳ್ಳಿ. ಬಡವರಿಗಾಗಿ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಿ ಎಂದು ಗುರುಗಳಿಗೆ ಧರ್ಮಸಭೆಯೇ ಹೇಳಿದೆ.

ಮೊಬೈಲಿಗೆ ಬಂದ ಕ್ಯೂಆರ್ ಕೋಡ್ ನಂಬಿ ಹಣ ಕಳಿಸಬೇಡಿ. ಚರ್ಚಿನ ಕಚೇರಿಗೆ ಫೋನ್ ಮಾಡಿ, ಖಾತೆಯ ಹೆಸರು ಕೇಳಿ, ಆಮೇಲೆ ಕಳಿಸಿ. ತೆರಿಗೆ ರಿಯಾಯಿತಿ ಬೇಕಿದ್ದರೆ ಕೊಡುವ ಮೊದಲೇ ಸಂಸ್ಥೆಯನ್ನು ಕೇಳಿ. ಎಲ್ಲ ಕಾಣಿಕೆಗೂ ಅದು ಸಿಗುವುದಿಲ್ಲ.

ಹೊರದೇಶದಲ್ಲಿರುವವರು ಗಮನಿಸಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ (ಸಾಗರೋತ್ತರ ಭಾರತೀಯರಿಗೆ ಸರ್ಕಾರ ಕೊಡುವ ಕಾರ್ಡ್) ಇದ್ದರೂ, ಕೊಡುವುದು ವಿದೇಶಿ ದೇಣಿಗೆ ಎನಿಸಿಕೊಳ್ಳುತ್ತದೆ. ಎಫ್‌ಸಿಆರ್‌ಎ ನೋಂದಣಿ, ಅಂದರೆ ವಿದೇಶಿ ದೇಣಿಗೆ ಪಡೆಯಲು ಸರ್ಕಾರದ ಅನುಮತಿ ಇರುವ ಸಂಸ್ಥೆಗಷ್ಟೇ ಅದನ್ನು ಕಳಿಸಬಹುದು, ಅದೂ ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯಲ್ಲಿರುವ ಅದರ ಖಾತೆಗೆ. ಇದನ್ನು ತಿಳಿಯದೆ ಕಳಿಸಿದರೆ ತೊಂದರೆಗೆ ಸಿಕ್ಕುವುದು ಸಂಸ್ಥೆ. ನಿಮ್ಮ ಪೌರತ್ವ ಯಾವುದು ಎಂದು ಮೊದಲೇ ಹೇಳಿಬಿಡಿ.

ಹಂತ 6: ಜೂನ್ 13

ಹಬ್ಬದ ದಿನ ಪೂಜೆಗೆ ಹೋಗಿ. ಡೋರ್ನಹಳ್ಳಿಗೇ ಹೋಗಬೇಕೆಂದಿಲ್ಲ, ನಿಮ್ಮೂರಿನ ಚರ್ಚು ಸಾಕು. ಹೋಗುವುದಾದರೆ, ಅದು ಮೈಸೂರು ಜಿಲ್ಲೆಯ ಕೆ.ಆರ್. ನಗರ ತಾಲ್ಲೂಕಿನಲ್ಲಿದೆ. ಹೊಲ ಉಳುವಾಗ ರೈತನೊಬ್ಬನಿಗೆ ಮರದ ಸ್ವರೂಪ ಸಿಕ್ಕಿತು, ಅಲ್ಲೇ ಗುಡಿ ಎದ್ದಿತು ಎಂದು ಜನ ಹೇಳುತ್ತಾರೆ. 2019ರಲ್ಲಿ ಅದಕ್ಕೆ ಬಸಿಲಿಕ, ಅಂದರೆ ವಿಶೇಷ ಗೌರವದ ದೇವಾಲಯ, ಎಂಬ ಪದವಿ ಸಿಕ್ಕಿತು. ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ, ಜನಸಂದಣಿ ಜಾಸ್ತಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೇರೊಂದು ಮಂಗಳವಾರ ನೋಡಿಕೊಳ್ಳಿ.

ಆಶೀರ್ವದಿಸಿದ ರೊಟ್ಟಿ ಸಿಕ್ಕರೆ ಅದೇ ದಿನ ತಿನ್ನಿ, ಮನೆಯವರೊಂದಿಗೆ ಹಂಚಿಕೊಳ್ಳಿ. ಪಟದ ಹಿಂದೆ ಬೂಸು ಹಿಡಿಯುವವರೆಗೆ ಇಡಬೇಡಿ.

ಹಂತ 7: ಕೇಳಿದ್ದು ಸಿಗದಿದ್ದರೆ, ಹರಕೆ ತೀರಿಸಲಾಗದಿದ್ದರೆ

13 ವಾರ ಮುಗಿದರೂ ಕೆಲಸ ಸಿಗಲಿಲ್ಲ, ಕಾಯಿಲೆ ವಾಸಿಯಾಗಲಿಲ್ಲ. ಹೀಗಾಗುವುದುಂಟು. ನಿಮ್ಮ ನಂಬಿಕೆ ಕಡಿಮೆಯಾಗಿತ್ತು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಆ ಮಾತು ಆಡುವುದು ಕ್ರೂರ. "ನೆರವೇರಿದರೆ ಕೊಡುತ್ತೇನೆ" ಎಂದು ಹರಕೆ ಹೊತ್ತಿದ್ದು ನೆರವೇರದಿದ್ದರೆ ಧರ್ಮಸಭೆಯ ಕಾನೂನಿನ ಪ್ರಕಾರ ನೀವು ಕೊಡಬೇಕಿಲ್ಲ. ಆದರೆ ಡಬ್ಬಿಯಲ್ಲಿ ಎತ್ತಿಟ್ಟದ್ದನ್ನು ಕೊಟ್ಟುಬಿಡಿ ಎಂದೇ ನಾನು ಹೇಳುತ್ತೇನೆ. ಹಸಿದವರ ಹಸಿವು ನಿಮ್ಮ ಕೋರಿಕೆಗೆ ಕಾದು ಕೂತಿರುವುದಿಲ್ಲ.

ನೆರವೇರಿತು, ಆದರೆ ಈಗ ತೀರಿಸಲು ಆಗುತ್ತಿಲ್ಲ ಎನ್ನುವವರಿಗೆ ಎರಡು ದಾರಿ. ಹೊತ್ತ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಒಳ್ಳೆಯ ಇನ್ನೊಂದು ಕೆಲಸಕ್ಕೆ ನೀವೇ ಬದಲಾಯಿಸಿಕೊಳ್ಳಬಹುದು. ನಡೆದು ಹೋಗುತ್ತೇನೆ ಎಂದಿದ್ದವರಿಗೆ ಮಂಡಿ ನೋವು ಬಂದರೆ, ಅದಕ್ಕೆ ಸಮನಾಗಿ ಒಬ್ಬ ರೋಗಿಗೆ ಕೆಲವು ವಾರ ಊಟ ಕೊಡಬಹುದು. ಸಮನಾದದ್ದೂ ಆಗದಿದ್ದರೆ, ಹರಕೆಯನ್ನು ಕಡಿಮೆ ಮಾಡಲು ಅಥವಾ ಅದರಿಂದ ಬಿಡುಗಡೆ ಮಾಡಲು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಅಧಿಕಾರ ಇದೆ, ಸರಿಯಾದ ಕಾರಣ ಇರಬೇಕು ಅಷ್ಟೆ. ಇದಕ್ಕೆ ಬಿಷಪ್ಪರ ತನಕ ಹೋಗಬೇಕಿಲ್ಲ, ಯಾರಿಗೂ ದಂಡ ಕಟ್ಟಬೇಕಿಲ್ಲ. ಪೂಜೆ ಮುಗಿದ ಮೇಲೆ ಹತ್ತು ನಿಮಿಷ ಸಮಯ ಕೇಳಿ, ಮೊದಲ ದಿನ ಬರೆದಿಟ್ಟ ನೋಟ್‌ಪುಸ್ತಕ ತೆಗೆದುಕೊಂಡು ಹೋಗಿ ತೋರಿಸಿ.